ಓಟದ ಹಿಂದಿನ ದಿನದ ಹುಗ್ಗಿ

ನಾನು ಬೈಲಹೊಂಗಲದಿಂದ ಕಿತ್ತೂರಿಗೆ ಓಡಿಕೊಂಡು ಹೋಗುತ್ತಿದ್ದೆ ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮನೆ ಬಿಟ್ಟು, ಕಬ್ಬಿನ ಹೊಲಗಳ ನಡುವಿನ ರಸ್ತೆ ಹಿಡಿದು, ಮಲಪ್ರಭೆಯ ಸೇತುವೆ ದಾಟಿ, ಬಿಸಿಲು ಏರುವುದರೊಳಗೆ ಅಕ್ಕನ ಖಾನಾವಳಿ ಮುಟ್ಟುತ್ತಿದ್ದೆ. ಅಲ್ಲಿ ಉಂಡು ಬಸ್ಸು ಹತ್ತಿ ವಾಪಸು ಬರುತ್ತಿದ್ದೆ.

ಓಟ ನನಗೆ ಅಂಟಿಕೊಂಡದ್ದು ನಲವತ್ತು ದಾಟಿದ ಮೇಲೆ. ಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಜಂಪರು ಹೊಲಿಯುವುದು, ಸೀರೆಗೆ ಫಾಲು ಹಚ್ಚುವುದು ನನ್ನ ಕೆಲಸ. ದಿನವಿಡೀ ಮಷಿನ್ನಿನ ಮುಂದೆ ಕೂತು ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ, ದಿನಾ ನಡೆಯಿರಿ ಎಂದರು ಡಾಕ್ಟರು. ಶಾಲೆಯ ಮೈದಾನದಲ್ಲಿ ಸುತ್ತು ಹಾಕತೊಡಗಿದೆ. ನಡೆದು ನಡೆದು ಬೇಸರ ಬಂದು ಒಂದು ದಿನ ಓಡಿ ನೋಡಿದೆ. ಎದೆ ಒಡೆದೇ ಹೋಯಿತು ಅನಿಸಿತು. ಆದರೂ ಮರುದಿನ ಮತ್ತೆ ಓಡಬೇಕೆನಿಸಿತು. ಸೈನ್ಯದಿಂದ ನಿವೃತ್ತರಾಗಿ ಬಂದವರೊಬ್ಬರು ಅಲ್ಲಿ ಹುಡುಗರನ್ನು ಭರ್ತಿಗೆ ತಯಾರು ಮಾಡುತ್ತಿದ್ದರು. "ಅಕ್ಕಾರ, ಹಿಮ್ಮಡ ಬಡಿಬ್ಯಾಡ್ರಿ, ಸಣ್ಣ ಸಣ್ಣ ಹೆಜ್ಜಿ ಹಾಕ್ರಿ," ಎಂದು ಅವರು ತಾವಾಗಿಯೇ ಹೇಳಿದರು. ಗಂಡನ ಹಳೆಯ ಅಂಗಿ ಮತ್ತು ನಾನೇ ಹೊಲಿದುಕೊಂಡ ಪ್ಯಾಂಟು ಹಾಕಿಕೊಂಡು ಓಡುತ್ತಿದ್ದ ನನ್ನನ್ನು ನೋಡಿ ನಗುತ್ತಿದ್ದವರು ಆರು ತಿಂಗಳಲ್ಲಿ ನಗುವುದನ್ನು ಬಿಟ್ಟರು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಹೋದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ತುತ್ತು ಕಲಸಿ ನನ್ನ ಬಾಯಿಗಿಟ್ಟವಳು ಅವಳೇ. ಲಾರಿ ಓಡಿಸುತ್ತಿದ್ದ ಭಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳು ಕಿತ್ತೂರಿನಲ್ಲಿ ಹೆದ್ದಾರಿಗೆ ಹತ್ತಿರ ಖಾನಾವಳಿ ಹಾಕಿದಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಅನ್ನ ಸಾರು. ತಾಟಿನಲ್ಲಿ ಬಿಟ್ಟು ಎದ್ದವರನ್ನು ಸುಮ್ಮನೆ ಹೋಗಗೊಡುತ್ತಿರಲಿಲ್ಲ. "ಯಾಕ್ರಿ, ರುಚಿ ಆಗಿಲ್ಲೇನ್ರಿ?" ಎಂದು ಕೈ ತೊಳೆಯುವ ಜಾಗದಲ್ಲಿ ಲಾರಿಯವರನ್ನೂ ತಡೆದು ಕೇಳುತ್ತಿದ್ದಳು.

ನಾನು ಮೊದಲ ಸಲ ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟಾಗ ಹಿಂದಿನ ದಿನ ಅವಳಲ್ಲೇ ಉಳಿದಿದ್ದೆ. ಓಟವಿದ್ದ ಧಾರವಾಡ ಅಲ್ಲಿಂದ ಹತ್ತಿರ. "ಓಡಾಕಿ ಗಟ್ಟಿ ಉಣ್ಣಬೇಕು" ಎಂದು ಎಣ್ಣೆಗಾಯಿ, ಕಾಳು, ರೊಟ್ಟಿಯ ಮೇಲೆ ಬೆಣ್ಣೆ, ಸಾಲದ್ದಕ್ಕೆ ಕಡಬು. ಬೆಳಿಗ್ಗೆ ಅರ್ಧ ದಾರಿಯಲ್ಲಿ ಹೊಟ್ಟೆ ತಿರುಚಿ, ಯಾರದೋ ಗೋವಿನಜೋಳದ ಹೊಲಕ್ಕೆ ಓಡಬೇಕಾಯಿತು. ಓಟ ಮುಗಿಸಿದೆ, ಆದರೆ ಆ ಹೊಲವೇ ನೆನಪಿನಲ್ಲಿ ಉಳಿಯಿತು. ಮಾಜಿ ಸೈನಿಕರು ಕೇಳಿ ನಕ್ಕುಬಿಟ್ಟರು. ಹಿಂದಿನ ದಿನ ಕಾಳು ಬೇಡ, ಎಣ್ಣೆ ಖಾರ ಬೇಡ, ಗೋದಿಯದೋ ಅಕ್ಕಿಯದೋ ಮೆತ್ತಗಿನದು ಉಣ್ಣಿ, ಬೆಳಿಗ್ಗೆ ಎದ್ದ ಕೂಡಲೇ ಬಾಳೆಹಣ್ಣು ಸಾಕು ಎಂದರು. ಅದನ್ನೇ ಅಕ್ಕನಿಗೆ ಹೇಳಿದೆ.

"ಕಾಳು ಬ್ಯಾಡ, ಎಣ್ಣಿ ಬ್ಯಾಡ, ಖಾರ ಬ್ಯಾಡ. ಮತ್ತ ಉಣ್ಣೂದರ ಯಾಕ?" ಎಂದು ಮುಖ ಊದಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು, "ಗೋದಿ ಹುಗ್ಗಿ ನಡೀತೈತಿ ಹೌದಲ್ಲೋ? ಬೆಲ್ಲ ಐತಿ, ಮೆತ್ತಗ ಐತಿ," ಎಂದಳು. ಅಂದಿನಿಂದ ಪ್ರತಿ ದೊಡ್ಡ ಓಟದ ಹಿಂದಿನ ದಿನ ನನಗೆ ಹುಗ್ಗಿ.

ಹುಬ್ಬಳ್ಳಿಯಲ್ಲಿ ನಡೆಯಲಿದ್ದ ಪೂರ್ತಿ ಮ್ಯಾರಥಾನಿಗೆ ನಾನು ಹೆಸರು ಕೊಟ್ಟದ್ದು ಮಳೆಗಾಲದಲ್ಲಿ. ನಲವತ್ತೆರಡು ಕಿಲೋಮೀಟರು ಎಂದರೆ ಏನೆಂದು ನನಗೂ ಸರಿಯಾಗಿ ತಿಳಿದಿರಲಿಲ್ಲ. ಅಕ್ಕ ಬದಲಾಗಿದ್ದನ್ನು ಕಂಡದ್ದೂ ಆ ದಿನಗಳಲ್ಲೇ. ಒಂದು ಭಾನುವಾರ ನನ್ನ ಜೊತೆ ಉಣ್ಣಲು ಕೂತವಳು ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿಟ್ಟಳು. ಯಾಕೆಂದು ಕೇಳಿದರೆ "ಹಲ್ಲು ನೋಯ್ತಾವು" ಎಂದಳು. ಮುಂದಿನ ವಾರಗಳಲ್ಲಿ ರೊಟ್ಟಿ ಹೋಗಿ ನುಚ್ಚು ಬಂತು, ನುಚ್ಚು ಹೋಗಿ ಅಂಬಲಿ. ದಿನಾ ನೂರಾರು ಜನಕ್ಕೆ ಬಡಿಸುವವಳು ತಾನು ಏನು ಉಣ್ಣುತ್ತಾಳೆ ಎಂದು ಯಾರೂ ನೋಡಿರಲಿಲ್ಲ. ಒಂದು ದಿನ ಹೊಸ ಜಂಪರಿಗೆ ಅಳತೆ ತೆಗೆಯಲು ಟೇಪು ಸುತ್ತಿದೆ. ಅವಳ ಅಳತೆ ನನಗೆ ಬಾಯಿಪಾಠ. ಟೇಪಿನ ತುದಿ ಅದಕ್ಕಿಂತ ಎಷ್ಟೋ ಇಂಚು ಮೊದಲೇ ಬಂದು ಕೂಡಿತು.

"ಅಕ್ಕಾ, ಇದೇನಿದು? ಇಷ್ಟ್ಯಾಕ ಇಳದೀ?"

"ಕೆಲಸ ಭಾಳ ಆಗೇತಿ," ಎಂದು ನೀರು ಕುಡಿಯಲು ತಂಬಿಗೆ ಎತ್ತಿದಳು. ಒಂದು ಗುಟುಕು ಒಳಗೆ ಹೋಯಿತು. ಆಮೇಲೆ ಅದು ಹಾಗೆಯೇ ಬಾಯಿಂದ, ಮೂಗಿನಿಂದ ಹೊರಗೆ ಬಂತು. ಸೆರಗಿನಿಂದ ಒರೆಸಿಕೊಂಡಳು.

"ಇಳಿವಲ್ದು ತಂಗಿ," ಎಂದಳು. "ಭಾಳ ದಿನ ಆತು."

ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಗಂಟಲಿನಲ್ಲಿ ಕ್ಯಾಮೆರಾದ ನಳಿಗೆ ಇಳಿಸಿ ನೋಡಿದ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಬೇರೆ ಕೋಣೆಗೆ ಕರೆದರು. ಅನ್ನನಾಳದಲ್ಲಿ ಗಂಟು, ಲಿವರಿಗೂ ಹಬ್ಬಿದೆ, ಆಪರೇಶನ್ನಿನಿಂದ ಪ್ರಯೋಜನವಿಲ್ಲ ಎಂದರು. ಕರೆಂಟಿನ ಚಿಕಿತ್ಸೆ, ಎಂದರೆ ರೇಡಿಯೇಶನ್, ಕೊಟ್ಟರು. ಅದರಿಂದ ಕೆಲವು ವಾರ ಗಂಜಿ ಇಳಿಯಿತು, ಆಮೇಲೆ ಅದೂ ನಿಂತಿತು. ಕೊನೆಗೆ ಹೊಟ್ಟೆಗೆ ತೂತು ಮಾಡಿ ಪೈಪು ಕೂಡಿಸಿದರು. ಅಕ್ಕ ಆ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಿ ಡಾಕ್ಟರನ್ನು ಕೇಳಿದ್ದು ಒಂದೇ ಮಾತು.

"ಬಾಯಿಲೆ ಉಣ್ಣೂದು ಯಾವಾಗ್ರಿ?"

"ನೋಡೂಣ್ರಿ ಅಮ್ಮಾ," ಎಂದು ಅವರು ಕೇಸ್ ಪೇಪರಿನ ಕಡೆ ಕಣ್ಣು ತಿರುಗಿಸಿದರು. ಅಕ್ಕನಿಗೆ ತಿಳಿಯಿತು. ವಾಪಸು ಬರುವಾಗ ಕಿತ್ತೂರಿನಲ್ಲಿ ಜೀಪಿನ ಕಿಟಕಿಯಿಂದ ಬಾಗಿಲು ಹಾಕಿದ್ದ ಖಾನಾವಳಿ ಇದ್ದ ಕಡೆಗೆ ಒಮ್ಮೆ ಕತ್ತು ಹೊರಳಿಸಿದಳು.

ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಅವಳ ಕೋಣೆ ಖಾಲಿ ಇತ್ತು. ಪೈಪಿನಲ್ಲಿ ಕೊಡುವುದನ್ನು ನರ್ಸು ನನಗೆ ಕಲಿಸಿದ್ದಳು. ರಾಗಿ ಗಂಜಿ ತೆಳ್ಳಗೆ ಕಾಯಿಸಿ, ನನ್ನ ಅಂಗಡಿಯಿಂದ ತಂದ ತೆಳ್ಳನೆಯ ಮಲ್ಲು ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿಸಿ, ಸಿರಿಂಜಿನಲ್ಲಿ ನಿಧಾನವಾಗಿ ಬಿಡಬೇಕು. ತಲೆ ಎತ್ತರಕ್ಕಿರಬೇಕು. ಪ್ರತಿ ಸಲವೂ ಅಕ್ಕ ಕೇಳುವಳು, "ಉಪ್ಪು ಹಾಕೀಯೇನ?"

"ಹಾಕೇನಿ ಅಕ್ಕಾ."

ಹಾಕಿದರೂ ಬಿಟ್ಟರೂ ಅವಳ ನಾಲಿಗೆಗೆ ಅದು ಮುಟ್ಟುವಂತಿರಲಿಲ್ಲ. ಆದರೂ ನಾನು ಒಂದು ದಿನವೂ ಉಪ್ಪು ಮರೆಯಲಿಲ್ಲ.

ಹೊಟ್ಟೆ ತುಂಬುತ್ತಿತ್ತು, ಹಸಿವು ಹೋಗುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಅವಳು ಒಂದು ಉಪಾಯ ಕಂಡುಕೊಂಡಳು. ರೊಟ್ಟಿಯ ಚೂರನ್ನು ಪಲ್ಯದಲ್ಲಿ ಅದ್ದಿ ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿಯುವಳು. ಆಮೇಲೆ ಪಕ್ಕದ ಬೋಗುಣಿಗೆ ಉಗುಳುವಳು. ಅನ್ನ ಚೆಲ್ಲಿದವರನ್ನು ಬೈಯುತ್ತಿದ್ದ ಹೆಂಗಸು. ಬೋಗುಣಿ ತೊಳೆಯಲು ನಾನು ಎತ್ತಿದಾಗ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಓಟ ಬಿಟ್ಟುಬಿಡಬೇಕು ಎಂದು ನಾನು ಅಂದುಕೊಂಡೆ. ಒಂದು ಬೆಳಿಗ್ಗೆ ಬೂಟು ಕಟ್ಟಿಕೊಳ್ಳುವಾಗ ಅಕ್ಕ ಕೋಣೆಯಿಂದಲೇ ಹೇಳಿದ್ದಳು: "ನಾ ಇಲ್ಲಿ ಸಾಯಾಕ ಹತ್ತೇನಿ, ನೀ ಓಡಾಕ ಹತ್ತೀ. ಛಲೋ ಆತು." ಬೂಟು ಬಿಚ್ಚಿಟ್ಟೆ. ಆದರೆ ಆ ವಾರ ಮುಗಿಯುವುದರೊಳಗೆ ಮತ್ತೆ ಹೊರಟೆ. ಓಡುವಷ್ಟು ಹೊತ್ತು ಅವಳು ಅಗಿಯುವ ಸದ್ದು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಕಿತ್ತೂರು ರಸ್ತೆ ಬಿಟ್ಟು ನೇಸರಗಿ ಕಡೆಗೆ ಓಡತೊಡಗಿದೆ.

ದೂರ ಹೆಚ್ಚಿದಷ್ಟೂ ನನಗೆ ಹಸಿವು ಹೆಚ್ಚಾಯಿತು. ಅಂಥ ಹಸಿವನ್ನು ಬಸುರಿನಲ್ಲೂ ಕಂಡಿರಲಿಲ್ಲ. ಮನೆಯಲ್ಲಿ ಉಣ್ಣಲು ನಾಚಿಕೆ. ಒಳಗೆ ಅವಳು ಪೈಪು ಹಿಡಿದು ಮಲಗಿರುವಾಗ ನಾನು ತಾಟು ತುಂಬಿಕೊಂಡು ಹೇಗೆ ಕೂರಲಿ? ಅಂಗಡಿಯಲ್ಲಿ ಪರದೆಯ ಹಿಂದೆ ನಿಂತು ಬಾಳೆಹಣ್ಣು, ಬ್ರೆಡ್ಡು ನುಂಗುತ್ತಿದ್ದೆ. ಒಂದು ಭಾನುವಾರ ಓಟ ಮುಗಿಸಿ ಬರುವಾಗ ತಡೆಯಲಾರದೆ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ತಿಂದು ಮನೆಗೆ ಬಂದೆ. ಅಕ್ಕ ಎಚ್ಚರವಾಗಿದ್ದಳು.

"ಇಲ್ಲಿ ಬಾ. ಹತ್ರ ಬಾ. ಬಾಯಿ ತಗಿ, ಉಸುರು ಬಿಡು."

ಅವಳ ಮುಖದ ಹತ್ತಿರ ಬಗ್ಗಿ ಉಸಿರು ಬಿಟ್ಟೆ. ಅವಳು ಮೂಗು ಅರಳಿಸಿ ಒಳಗೆಳೆದುಕೊಂಡಳು.

"ಮಿರ್ಚಿ ತಿಂದೀ. ಎಣ್ಣಿ ಹಳೇದು, ನಿನ್ನೀದು. ಎಲ್ಲಿ ತಿಂದಿ ಇಂಥಾದ್ದು?" ಎಂದಳು. ಇನ್ನೊಮ್ಮೆ ಉಸಿರು ಬಿಡಲು ಹೇಳಿದಳು. ನಾನು ಬಿಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ ತಿಂದದ್ದನ್ನೆಲ್ಲ ಕಾರಿಕೊಂಡೆ.

ಓಟದ ಹಿಂದಿನ ದಿನ ಬಂತು. ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ನಾದಿನಿಯ ಮನೆಯಲ್ಲಿ ಉಳಿಯುವುದೆಂದು ಆಗಿತ್ತು. ಅಕ್ಕನ ಹತ್ತಿರ ನನ್ನ ಗಂಡ ಇರುವವರಿದ್ದರು. ಅವರೂ ಪೈಪಿಗೆ ಕೊಡುವುದನ್ನು ಕಲಿತಿದ್ದರು. ಬೆಳಿಗ್ಗೆ ಅವಳು ನಿದ್ದೆಯಲ್ಲಿರುವಾಗಲೇ ಗೋದಿ ಬೇಯಲು ಇಟ್ಟೆ. ಆದರೆ ಬೆಲ್ಲ ಬಿದ್ದ ಮೇಲೆ ಹುಗ್ಗಿಯ ವಾಸನೆಯನ್ನು ಯಾವ ಬಾಗಿಲು ತಡೆಯುತ್ತದೆ?

"ಹುಗ್ಗಿ ಮಾಡಾಕ ಹತ್ತೀಯೇನ?" ಒಳಗಿನಿಂದ ಕೇಳಿದಳು.

"ಹೂಂ ಅಕ್ಕಾ."

"ಗೋದಿ ಕುಟ್ಟೀಯೋ, ಹಂಗ ಹಾಕೀಯೋ?"

"ಕುಟ್ಟೇನಿ."

ಬೆಂದ ಮೇಲೆ ಬಟ್ಟಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದೆ. ನೀರಿನ ಟಾಕಿಯ ಹಿಂದೆ ಕಲ್ಲಿನ ಮೇಲೆ ಕೂತು ಗಬಗಬ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಪೈಪು. ಎದ್ದು ಓಡಾಡುವುದನ್ನು ಬಿಟ್ಟು ಎಷ್ಟೋ ದಿನವಾಗಿದ್ದವಳು ಅಲ್ಲಿಯವರೆಗೆ ಹೇಗೆ ಬಂದಳೋ.

"ನನ್ನ ಕಣ್ಣು ತಪ್ಪಿಸಿ ಉಣ್ಣಾಕ ಹತ್ತೀಯೇನ?"

ನನ್ನ ಬಾಯಲ್ಲಿ ಹುಗ್ಗಿ ಇತ್ತು.

"ನಾ ಇನ್ನೂ ಸತ್ತಿಲ್ಲ. ನಾ ಇದ್ದ ಮನ್ಯಾಗ ಯಾರೂ ಹಿಂಗ ಮರಿಗೆ ಕುಂತು ಉಂಡಿಲ್ಲ. ನಿನಗ ಉಣ್ಣಾಕ ಕಲಿಸಿದಾಕಿ ನಾ ಅದೇನಿ." ಗೋಡೆಯ ಮೇಲಿನ ಕೈ ತೆಗೆದು ಒಳಗೆ ತೋರಿಸಿದಳು. "ಒಳಗ ಬಾ. ನನ್ನ ಮುಂದ ಕುಂತು ಉಣ್ಣು."

ಅವಳನ್ನು ಹಿಡಿದು ಒಳಗೆ ಕರೆತಂದು ಮಲಗಿಸಿದೆ. ಮಂಚದ ಪಕ್ಕ ಚಾಪೆ ಹಾಸಿ ಕೂತೆ. ಅವಳು ಪಾತ್ರೆಯನ್ನೇ ಕೋಣೆಗೆ ತರಿಸಿದಳು. ಬಟ್ಟಲು ಖಾಲಿಯಾದಾಗ "ಇನ್ನಷ್ಟು ಹಾಕ್ಕೋ" ಎಂದಳು. ಹಾಕಿಕೊಂಡೆ. "ಮ್ಯಾಲೆ ತುಪ್ಪ?" "ತುಪ್ಪ ಬ್ಯಾಡ ಅಂದಾರ ಅಕ್ಕಾ." "ಅವ್ರಿಗೇನ್ ಗೊತ್ತು? ಒಂದು ಚಮಚೆ ಹಾಕ್ಕೋ." ಹಾಕಿಕೊಂಡೆ. ನಾನು ಅಳುತ್ತಾ ಉಂಡೆ. ಅವಳು ಅಳಲಿಲ್ಲ. ಊಟಕ್ಕೆ ಕೂತವರನ್ನು ಖಾನಾವಳಿಯಲ್ಲಿ ಹೇಗೆ ನೋಡುತ್ತಿದ್ದಳೋ ಹಾಗೆಯೇ, ಇನ್ನೇನು ಬೇಕಾಗಬಹುದು ಎಂಬಂತೆ ನೋಡುತ್ತಿದ್ದಳು. ನಾನು ಸಾಕು ಎಂದಾಗ ಅವಳು ಬೆರಳ ತುದಿಯಲ್ಲಿ ಒಂದಿಷ್ಟು ಹುಗ್ಗಿ ತೆಗೆದು ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಉಗುಳಲಿಲ್ಲ. ಆಮೇಲೆ ಕೆಮ್ಮು ಬಂತು, ಬೋಗುಣಿ ಹಿಡಿದೆ.

"ಯಾಲಕ್ಕಿ ಜಾಸ್ತಿ ಆತು," ಎಂದಳು.

ಹುಬ್ಬಳ್ಳಿಯಲ್ಲಿ ಮರುದಿನ ಕತ್ತಲಿರುವಾಗಲೇ ಎದ್ದು ಎರಡು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ ತಿಂದೆ. ಅರ್ಧ ದಾರಿಯವರೆಗೆ ಓಟ ಚೆನ್ನಾಗಿಯೇ ಇತ್ತು. ಕಾಲುಗಳು ಹಗುರಾಗಿದ್ದವು, ಮಾಜಿ ಸೈನಿಕರು ಹೇಳಿದಂತೆ ಸಣ್ಣ ಹೆಜ್ಜೆ ಹಾಕುತ್ತಿದ್ದೆ. ಬಿಸಿಲು ಏರಿದ ಮೇಲೆ ಒಮ್ಮೆಲೇ ಎಲ್ಲ ಖಾಲಿಯಾಯಿತು. ಕಾಲು ನನ್ನವಲ್ಲ, ಕಣ್ಣ ಮುಂದೆ ರಸ್ತೆ ಅಲ್ಲಾಡುತ್ತಿತ್ತು. ನೀರಿನ ಮೇಜಿನ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು ಓಡಿ ಬಂದು ಶೇಂಗಾ ಚಿಕ್ಕಿಯ ತುಂಡು ಕೈಗಿಟ್ಟಳು. "ತಿನ್ರಿ ಆಂಟಿ, ತಿಂದ್ರ ಶಕ್ತಿ ಬರ್ತೈತಿ."

ಬಾಯಿಗೆ ಹಾಕಿಕೊಂಡೆ. ಅಗಿದೆ. ಗಂಟಲು ಒಣಗಿ ಮುಚ್ಚಿಕೊಂಡಿತ್ತು. ಅಗಿದದ್ದು ಬಾಯಲ್ಲೇ ಮಣ್ಣಿನಂತೆ ಸುತ್ತುತ್ತಿತ್ತೇ ಹೊರತು ಕೆಳಗಿಳಿಯಲಿಲ್ಲ. ನೀರು ಹಾಕಿದೆ. ಓಕರಿಕೆ ಬಂತು. ರಸ್ತೆಯ ಬದಿಗೆ ಬಗ್ಗಿ ಉಗುಳಿದೆ. ಧೂಳಿನಲ್ಲಿ ಬಿದ್ದ ಆ ಮುದ್ದೆಯನ್ನು ನೋಡುತ್ತಾ ಅಲ್ಲಿಯೇ ಕೂತುಬಿಟ್ಟೆ. ಹುಡುಗಿ ಗಾಬರಿಯಾಗಿ ಯಾರನ್ನೋ ಕೂಗಿದಳು. ಆಂಬುಲೆನ್ಸಿನವರು ಬಂದು ಹತ್ತಿಸಿಕೊಳ್ಳಬೇಕೇ ಎಂದು ಕೇಳಿದರು. ಬೇಡ ಎಂದೆ. ಎದ್ದು ನಡೆದೆ. ಉಳಿದ ದಾರಿಯಲ್ಲಿ ಓಡಿದ್ದು ಕಡಿಮೆ, ನಡೆದದ್ದೇ ಹೆಚ್ಚು. ಮುಗಿಯುವ ಜಾಗಕ್ಕೆ ಬಂದಾಗ ಶಾಮಿಯಾನ ಬಿಚ್ಚುತ್ತಿದ್ದರು. ಯಾರೋ ಕೊರಳಿಗೆ ಪದಕ ಹಾಕಿ, ತಿಂಡಿಯ ಪೊಟ್ಟಣ ಕೊಟ್ಟರು. ಅದನ್ನು ಬಿಚ್ಚಲಿಲ್ಲ.

ಮನೆಗೆ ಬಂದಾಗ ಅಕ್ಕ ಪದಕ ನೋಡಲಿಲ್ಲ. "ಏನೇನ್ ಕೊಟ್ರು ಅಲ್ಲಿ ತಿನ್ನಾಕ?" ಎಂದು ಕೇಳಿದಳು. ಪೊಟ್ಟಣ ಬಿಚ್ಚಿ ಒಂದೊಂದಾಗಿ ತೋರಿಸಿದೆ. ಇಡ್ಲಿ, ಉಪ್ಪಿಟ್ಟು, ಬಾಳೆಹಣ್ಣು. ಉಪ್ಪಿಟ್ಟು ಮುಟ್ಟಿ ನೋಡಿ, "ರವಾ ಹುರದಿಲ್ಲ, ಮುದ್ದಿ ಆಗೇತಿ," ಎಂದಳು. ಓಟ ಹೇಗಾಯಿತು ಎಂದು ಆಮೇಲೂ ಕೇಳಲಿಲ್ಲ.

ಆ ನಂತರ ಅವಳು ಬೇಗ ಬೇಗ ಇಳಿದಳು. ಅವಳ ಜಂಪರುಗಳನ್ನು ನಾನು ಒಳಗೆ ಹಿಡಿದು ಹಿಡಿದು ಹೊಲಿದೆ. ಕೊನೆಗೆ ಹಿಡಿಯಲು ಬಟ್ಟೆಯೇ ಜಾಗ ಕೊಡದಾದಾಗ ಮಗಳ ಶಾಲೆಯ ಕಾಲದ ಅಂಗಿ ಹಾಕಿದೆ. ಬಾಯಲ್ಲಿ ಹುಣ್ಣಾಗಿ ಅಗಿಯುವುದೂ ನಿಂತಿತು. ಒಂದು ಬೆಳಿಗ್ಗೆ ಗಂಜಿ ಬಿಡಲು ಹೋದರೆ ಪೈಪನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು.

"ಸಾಕು ತಂಗಿ. ಇನ್ನ ಹಾಕಬ್ಯಾಡ."

"ಹಂಗಂದ್ರ ಹೆಂಗ ಅಕ್ಕಾ? ಒಂದೀಟ..."

"ಹೊಟ್ಟಿ ಬ್ಯಾಡ ಅನ್ನಾಕ ಹತ್ತೇತಿ. ಬ್ಯಾಡ ಅಂದವ್ರಿಗೆ ನಾ ಎಂದೂ ಬಡಿಸಿಲ್ಲ."

ಡಾಕ್ಟರಿಗೆ ಫೋನು ಮಾಡಿದೆ. ಈಗ ಮೈ ಅದನ್ನು ತೆಗೆದುಕೊಳ್ಳುವುದಿಲ್ಲ, ಬಲವಂತ ಮಾಡಬೇಡಿ, ತುಟಿ ಒದ್ದೆ ಮಾಡುತ್ತಿರಿ ಎಂದರು. ಆದರೂ ನಾನು ಅವಳು ಮಂಪರಿನಲ್ಲಿದ್ದಾಗ ಸ್ವಲ್ಪ ಬಿಟ್ಟು ನೋಡಿದೆ. ಬಿಟ್ಟದ್ದೆಲ್ಲ ಪೈಪಿನ ಬದಿಯಿಂದ ಹೊರಗೆ ಬಂದು ಅಂಗಿಯನ್ನು ತೋಯಿಸಿತು. ಆಮೇಲೆ ಸಿರಿಂಜು ತೊಳೆದು ಎತ್ತಿಟ್ಟೆ.

ಮಾರನೆಯ ದಿನ ಕೆಂಪು ಖಾರ ಬೇಕೆಂದಳು. ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಮೆಣಸಿನಕಾಯಿಯ ಚಟ್ನಿ, ಅವಳ ಖಾನಾವಳಿಯಲ್ಲಿ ಪ್ರತಿ ತಾಟಿನ ಮೂಲೆಯಲ್ಲೂ ಇರುತ್ತಿದ್ದದ್ದು. ಬಾಯಿ ತುಂಬ ಹುಣ್ಣು, ಉರಿಯುತ್ತದೆ ಎಂದೆ. "ಉರೀಲಿ," ಎಂದಳು. ಗಂಡ "ಕೊಡು, ಇರಲಿ" ಎಂದರು. ಸೂಜಿಯ ಮೊನೆಯಷ್ಟು ಖಾರವನ್ನು ನಾಲಿಗೆಗೆ ಹಚ್ಚಿದೆ. ಅವಳ ಮೈ ಬಿಗಿಯಾಯಿತು, ಕಣ್ಣಿನಿಂದ ನೀರು ದಳದಳ ಸುರಿಯಿತು. ಒರೆಸಲು ಹೋದರೆ ಕೈ ತಳ್ಳಿದಳು. ಬಾಯಿ ಮುಚ್ಚಿಕೊಂಡೇ ಇದ್ದಳು. ಎರಡು ದಿನ ಕಳೆದು ಮಧ್ಯಾಹ್ನದ ಹೊತ್ತು, ನಾನು ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮಾತಾಡಿಸಲು ಬಂದವರಲ್ಲಿ ಸವದತ್ತಿಯ ಚಿಗವ್ವ, ಎಂದರೆ ನಮ್ಮ ಅವ್ವನ ತಂಗಿ, ಎಲ್ಲರ ಮುಂದೆ ಕೇಳಿದಳು: "ಕಡೀಕ ಏನ್ ಉಂಡ್ಲವ್ವಾ?" ನಾನು ಎದ್ದು ಒಳಗೆ ಹೋದೆ. ದಿವಸದ ದಿನ ಅಕ್ಕನ ಹೆಸರಿನಲ್ಲಿ ಇಡುವ ಎಡೆಗೆ ಏನೇನು ಮಾಡಬೇಕೆಂದು ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿ ಮಾಡಿದರು. ನಾನು ಒಲೆಯ ಹತ್ತಿರ ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಗಂಟಲಲ್ಲಿ ತುತ್ತು ನಿಲ್ಲತೊಡಗಿತು. ಮೊದಲು ರೊಟ್ಟಿ, ಆಮೇಲೆ ಅನ್ನ. ಎದೆಯ ನಡುವೆ ಏನೋ ಹಿಡಿದಂತೆ. ಗಂಡನಿಗೆ ಹೇಳಲಿಲ್ಲ. ತಾಟಿನಲ್ಲಿದ್ದುದನ್ನು ಮೊಸರಿನಲ್ಲಿ ಕಲಸಿ ತೆಳ್ಳಗೆ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಅವರು ಉಣ್ಣುವುದನ್ನು ನಿಲ್ಲಿಸಿ ಕೇಳಿದರು.

"ನಿನಗೂ ಇಳಿವಲ್ದೇನ?"

ನಾನು ಮೊಸರಿನ ಬಟ್ಟಲನ್ನು ಹಿಂದಕ್ಕೆ ಸರಿಸಿದೆ. ಅವರು ಕೈ ತೊಳೆದುಕೊಂಡು ಬಂದು, "ನಾಳೆ ಹುಬ್ಬಳ್ಳಿಗೆ ಹೋಗೂಣು," ಎಂದಷ್ಟೇ ಹೇಳಿದರು.

ಅದೇ ಕೋಣೆ, ಅದೇ ನಳಿಗೆ. ನನ್ನ ಬಾಯಿಗೆ ಕಹಿ ಔಷಧಿ ಹೊಡೆದು, ಬಾಯಿ ಮುಚ್ಚದಂತೆ ಹಲ್ಲಿನ ನಡುವೆ ಪ್ಲಾಸ್ಟಿಕ್ ಉಂಗುರ ಇಟ್ಟು ಎಡಕ್ಕೆ ಹೊರಳಿಸಿ ಮಲಗಿಸಿದರು. ನಳಿಗೆ ಇಳಿಯುವಾಗ ಅಕ್ಕನೂ ಹೀಗೆಯೇ ಮಲಗಿದ್ದಳಲ್ಲ, ಆಗ ನಾನು ಹೊರಗೆ ಚಹಾ ಕುಡಿಯುತ್ತಿದ್ದೆನಲ್ಲ ಎಂಬುದೊಂದೇ ತಲೆಯಲ್ಲಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ಕೊನೆಗೆ ಕೈಗವಸು ತೆಗೆದು ಹೇಳಿದರು:

"ಏನೂ ಇಲ್ರಿ ಅಕ್ಕಾರ. ಹಾದಿ ಪೂರಾ ಸ್ವಚ್ಛ ಐತಿ. ಹೆದರಿಕಿಗೆ ಹಿಂಗ ಆಗ್ತೈತಿ. ನಿಧಾನಕ ಉಣ್ರಿ."

ಗಂಟಲಿನ ಜೋಮು ಇಳಿಯುವವರೆಗೆ ಕಾದು ಬಸ್ ಸ್ಟ್ಯಾಂಡಿಗೆ ಬಂದೆವು. ಗಂಡ ಕ್ಯಾಂಟೀನಿನಲ್ಲಿ ಎರಡು ಊಟ ಹೇಳಿದರು. ಚಪಾತಿಯನ್ನು ಸಣ್ಣದಾಗಿ ಹರಿದು ಬಾಯಿಗಿಟ್ಟೆ. ಅದು ಎದೆಯ ನಡುವೆ ಒಂದು ಕ್ಷಣ ನಿಂತಿತು, ಆಮೇಲೆ ಕೆಳಗೆ ಹೋಯಿತು. ಇನ್ನೊಂದು ಚೂರು ಹರಿದೆ. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಬಂದು ಹೊರಗೆ ನಿಂತಿತು. ಗಂಡ ಒಮ್ಮೆ ಅದನ್ನು ನೋಡಿ, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತರು.

"ಅದು ಹೋಗ್ಲಿ ಬಿಡು," ಎಂದರು. "ಮುಂದಿಂದಕ್ಕ ಹೋಗೂಣು."